ಒಣಗಿಸುವುದರಲ್ಲಿ ಡಾಕ್ಟರು

ಲೆಕ್ಕದ ಮೇಷ್ಟ್ರ ಬದುಕಿನಲ್ಲಿ ನಗುವಂಥದ್ದು ಎಂತ ಇರುತ್ತದೆ ಅಂತ ನನ್ನ ಹೆಂಡತಿಯೇ ಕೇಳುತ್ತಾಳೆ. ಇರುತ್ತದೆ ಮಾರಾಯ್ರೆ, ಬೇಡ ಅಂದರೂ ಬಂದು ವಕ್ಕರಿಸುತ್ತಲೇ ಇರುತ್ತದೆ. ನಡೆಯುವ ಹೊತ್ತಿಗೆ ನಗು ಬರುವುದಿಲ್ಲ, ಅಷ್ಟೇ. ಆಮೇಲೆ ಯಾರಿಗಾದರೂ ಹೇಳುವಾಗ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನೂ ನಗುತ್ತೇನೆ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಎದೆಯೊಳಗೆ ಎಂಥದೋ ಚುರ್ ಅನ್ನುತ್ತದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಾನು ಕುಂದಾಪುರದ ಬದಿಯ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವ. ಡಾಕ್ಟರೇಟ್ ಮಾಡಿದ್ದು ‘ಚಲಿಸುವ ಮೇಲ್ಮೈಯ ಮೇಲೆ ಹರಿಯುವ ದ್ರವದಲ್ಲಿ ಶಾಖ ಮತ್ತು ದ್ರವ್ಯರಾಶಿಯ ವರ್ಗಾವಣೆ’ ಅನ್ನುವುದರ ಮೇಲೆ. ಹೆದರಬೇಡಿ. ಒಂದು ಹಾಳೆ ಓಡುತ್ತಾ ಇದೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಗಾಳಿ ಬೀಸುತ್ತಾ ಇದೆ. ಗಾಳಿಯ ಬಿಸಿ ಹಾಳೆಗೆ ಎಷ್ಟು ಬಂತು, ಹಾಳೆಯ ಪಸೆ ಗಾಳಿಗೆ ಎಷ್ಟು ಹೋಯಿತು, ಇಷ್ಟೇ. ಇಷ್ಟು ಹೇಳಲಿಕ್ಕೆ ನಾನು ತಲೆಯ ಕೂದಲೆಲ್ಲ ಕಳೆದುಕೊಂಡೆ.

ಹಂಗಾರಕಟ್ಟೆಯಲ್ಲಿ ನನ್ನ ಅಕ್ಕ ಇದ್ದಾಳೆ. ಅಪ್ಪ, ಅಮ್ಮ ಬೇಗ ಹೋದರು. ನನ್ನನ್ನು ಓದಿಸಿದ್ದು ಅಕ್ಕನ ಒಣಮೀನಿನ ಬುಟ್ಟಿ. ಬೇಸಗೆಯಿಡೀ ಅಳಿವೆಯ ಬದಿಯ ಹೊಯ್ಗೆಯ, ಅಂದರೆ ಮರಳಿನ, ಮೇಲೆ ಮೀನು ಹರಡಿ, ಕಾಗೆ ಅಟ್ಟಿ, ಮಗುಚಿ ಹಾಕಿ ಒಣಗಿಸುತ್ತಾಳೆ. ಮಳೆ ಹಿಡಿಯುವುದರೊಳಗೆ ಘಟ್ಟದ ಬುಡದ ಮನೆಗಳಿಗೆ ಹೊತ್ತುಕೊಂಡು ಹೋಗಿ ಮಾರುತ್ತಾಳೆ. ನಡುವೆ ಒಂದು ಅಕಾಲದ ಮಳೆ ಬಂದರೆ ಆ ವರ್ಷದ್ದು ಗೋವಿಂದ. ನಾನು ರಿಟೈರ್ ಆಗುವುದರೊಳಗೆ ನನ್ನ ವಿದ್ಯೆಯಿಂದ ಅವಳ ಒಂದು ಬಂಗುಡೆಯಾದರೂ ಒಣಗಬೇಕು ಅಂತ ನನಗೊಂದು ಆಸೆ. ಆ ಆಸೆಗೆ ಎಂತೆಂಥ ಗತಿ ಬಂತು ಅನ್ನುವುದೇ ಈ ಕತೆ.

೧. ಹಾಸಿಗೆ ತಂದವರು

ಡಾಕ್ಟರೇಟ್ ಬಂದ ಸುದ್ದಿ ಹೇಳಲಿಕ್ಕೆ ಅಕ್ಕನ ಮನೆಗೆ ಹೋದೆ. ಅವಳು ಬಂಗುಡೆಯ ಹೊಟ್ಟೆ ಸೀಳುತ್ತಾ ಕೂತಿದ್ದಳು. “ಎಂತದ್ರಲ್ಲಿ ಡಾಕ್ಟರ್ ಮಾರಾಯಾ?” ಅಂತ ಕೇಳಿದಳು. ಮೇಲೆ ನಿಮಗೆ ಹೇಳಿದಷ್ಟನ್ನೇ ಅವಳಿಗೂ ಹೇಳಿದೆ. ಬಿಸಿ ಒಳಗೆ ಬರ್ತದೆ, ಪಸೆ ಹೊರಗೆ ಹೋಗ್ತದೆ.

ಅಕ್ಕ ಕತ್ತಿ ಕೆಳಗಿಟ್ಟಳು. “ಅಂದ್ರೆ ಒಣ್ಗ್ಸುದ್!” ಅಂದಳು.

“ಹಾಂಗೇ ಅಂತ ಅಲ್ಲ ಅಕ್ಕ...”

ಅವಳಿಗೆ ಎಲ್ಲಿ ಕೇಳಬೇಕು. ಎದ್ದು ಬೇಲಿಯ ಹತ್ತಿರ ಹೋಗಿ, “ಹ್ವಾಯ್, ಕೇಂಡ್ರ್ಯಾ? ನನ್ ತಮ್ಮ ಒಣ್ಗ್ಸುದ್ರಲ್ಲಿ ಡಾಕ್ಟರ್ ಆಯಿದ್ದ!” ಅಂತ ಇಡೀ ಕೇರಿಗೆ ಕೇಳುವ ಹಾಗೆ ಕೂಗಿದಳು. ಸಂಜೆಯ ಒಳಗೆ ಸುದ್ದಿ ಅಳಿವೆ ದಾಟಿ ಆಚೆ ದಡಕ್ಕೂ ಹೋಯಿತು.

ಆಮೇಲೆ ನನಗೆ ಉಳಿಗಾಲ ಇಲ್ಲ. ನಾನು ಅಕ್ಕನ ಮನೆಗೆ ಹೋದದ್ದೇ ಒಬ್ಬರಲ್ಲ ಒಬ್ಬರು ಬರುತ್ತಿದ್ದರು. ಒಬ್ಬಳದ್ದು ಹಸಿ ಸೌದೆ, ಇನ್ನೊಬ್ಬಳದ್ದು ಮಳೆಗಾಲದಲ್ಲಿ ಬೂಷ್ಟು ಬರುವ ಮೆಣಸು. ಬ್ರಹ್ಮಾವರದಲ್ಲಿ ಲಾಡ್ಜ್ ಇಟ್ಟ ಒಬ್ಬ ಮನುಷ್ಯ ಆಟೋದಲ್ಲಿ ಒಂದು ಒದ್ದೆ ಹಾಸಿಗೆಯನ್ನೇ ಹಾಕಿಕೊಂಡು ಬಂದ. “ಡಾಕ್ಟ್ರೇ, ಹತ್ತಿಯದ್ದು, ನಾಕ್ ದಿನ ಆಯ್ತ್, ಒಣ್ಗ್ತಿಲ್ಲೆ. ನೀವೊಂದ್ ಸರ್ತಿ ಕಾಣ್ಕ್” ಅಂದ. ನಾನು ಗಣಿತ, ಸಮೀಕರಣ, ಮೇಲ್ಮೈ ಅಂತ ಬಾಯಿ ಬಿಡುವುದರೊಳಗೆ ಅಕ್ಕ ಒಳಗಿನಿಂದ ಬಂದಳು.

“ಹ್ವಾಯ್, ನನ್ ತಮ್ಮ ಓಡುದನ್ನ್ ಮಾತ್ರ ಒಣ್ಗ್ಸುದ್. ನಿಮ್ ಹಾಸ್ಗಿ ಓಡ್ತಾ?”

೨. ಕೊನೆಯಿಲ್ಲದ ಹಾಳೆ

ಅಕ್ಕನಿಗೆ ಒಂದು ದಿನ ನನ್ನ ಕೆಲಸ ಕಣ್ಣಾರೆ ಕಾಣಬೇಕು ಅನ್ನಿಸಿತು. ಪಕ್ಕದ ಮನೆಯ ಹೆಂಗಸೂ ಜೊತೆಗಿದ್ದಳು. ನಾನು ಅಂಗಳದ ಹೊಯ್ಗೆಯ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದೆ. ಇದು ಹಾಳೆ. ಇಲ್ಲಿಂದ ಶುರು, ಹೀಗೆ ಓಡುತ್ತದೆ. ಇದು ಗಾಳಿ. ಹಾಳೆಗೆ ತಾಗಿಕೊಂಡು ಒಂದು ತೆಳು ಪದರ ಇದೆಯಲ್ಲ, ನಮ್ಮ ವ್ಯಾಪಾರ ಎಲ್ಲ ಆ ಪದರದ ಒಳಗೇ.

ಅಕ್ಕ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. “ಈ ಹಾಳಿ ಎಲ್ಲಿ ಮುಗಿತ್ತ್?”

“ಮುಗಿಯೂದಿಲ್ಲೆ ಅಕ್ಕ. ಕೊನೆ ಇಲ್ಲೆ ಅಂತೇಳಿ ಇಟ್ಕಂಬ್ದ್. ಲೆಕ್ಕಕ್ಕೆ ಸುಲಭ ಆತ್ತ್.”

“ಕೊನೆ ಇಲ್ದಿರೆ ಮೀನ್ ತೆಗುದ್ ಎಲ್ಲಿ?”

ನನಗೆ ಬೆವರು ಬಂತು. ಡಾಕ್ಟರೇಟಿನ ಪರೀಕ್ಷಕರ ಎದುರು ಉತ್ತರ ಹೇಳುವಾಗಲೂ ಹೀಗೆ ಬೆವತವನಲ್ಲ. ಸತ್ಯ ಹೇಳಿಬಿಡುವ ಅಂತ ಗಟ್ಟಿ ಮನಸ್ಸು ಮಾಡಿ, “ಅಕ್ಕ, ಇದ್ರಲ್ಲಿ ಮೀನ್ ಇಲ್ಲೆ” ಅಂದೆ.

“ಮೀನ್ ಇಲ್ಯಾ?” ಅಂದದ್ದು ಪಕ್ಕದ ಮನೆಯವಳು. ಅವಳ ಬಾಯಿಯ ಬದಿಯಲ್ಲಿ ಸಣ್ಣ ನಗು ಬೇರೆ.

ಅಕ್ಕ ಚಿತ್ರವನ್ನೇ ನೋಡುತ್ತಾ ಕೂತಳು. ಅವಳ ಮೋರೆ ಸಣ್ಣದಾದದ್ದು ನನಗೆ ಕಂಡಿತು. ಇಷ್ಟು ವರ್ಷ ಹೇಳಿಕೊಂಡು ತಿರುಗಿದ ತಮ್ಮನ ವಿದ್ಯೆಯಲ್ಲಿ ಒಂದು ಚಟ್ಲಿ ಸಿಗಡಿಯೂ ಇಲ್ಲ ಅಂದರೆ ಅವಳಿಗೆ ಹೇಗಾಗಿರಬೇಡ! ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ನಾನು, ಅಂತ ಈಗಲೂ ಅನ್ನಿಸುತ್ತದೆ. ಆದರೆ ಅವಳೇ ಪಕ್ಕದ ಮನೆಯವಳ ಕಡೆ ತಿರುಗಿದಳು.

“ಅದೆಂತಕೆ ನೆಗಿ ಆಡ್ತ್ರಿ? ಬೋಟ್ ಈಗ ಹೊರ್ಟಿತ್ ಅಷ್ಟೆ. ಮೀನ್ ಕಡಿಗೆ ಬತ್ತ್.”

೩. ಕಂಡಕ್ಟರನ ಅಂಗಿ

ಬೈಂದೂರಿನಲ್ಲಿ ಒಂದು ವಿಚಾರಸಂಕಿರಣ. ‘ಚಲಿಸುವ ಮೇಲ್ಮೈಗಳಿಂದ ತೇವಾಂಶದ ನಿರ್ಗಮನ’ ಅಂತ ನನ್ನ ಉಪನ್ಯಾಸ. ನನ್ನ ಮೊದಲ ದೊಡ್ಡ ಉಪನ್ಯಾಸ ಅಂತ ಅಕ್ಕ ಕುಂದಾಪುರಕ್ಕೆ ಬಂದು, ಪೇಟೆಯಿಡೀ ತಿರುಗಿ ಒಂದು ಬಿಳಿ ಅಂಗಿ ತೆಗೆದುಕೊಟ್ಟಿದ್ದಳು. ಬಸ್ಸು ಹತ್ತುವಾಗ ಜೋರು ಮಳೆ ಹೊಡೆದು ಅಂಗಿ ಪೂರ್ತಿ ಚಂಡಿ. ಹೆಮ್ಮಾಡಿ ದಾಟುವಾಗ ಮಳೆ ನಿಂತು ಬಿಸಿಲು ಬಂತು, ಬಸ್ಸೂ ಖಾಲಿಯಾಯಿತು.

ಆಗ ನನ್ನೊಳಗಿನ ಪಂಡಿತ ಎದ್ದ. ಓಡುವ ಮೇಲ್ಮೈ, ಬೀಸುವ ಗಾಳಿ, ಒದ್ದೆ ಬಟ್ಟೆ. ಇನ್ನೆಂತ ಬೇಕು? ಅಂಗಿ ಬಿಚ್ಚಿ ಕಿಟಕಿಯಿಂದ ಹೊರಗೆ ಎರಡೂ ಕೈಯಲ್ಲಿ ಹಿಡಿದೆ. ಒಣಗಿತು ಅಂದರೆ ಒಣಗಿತು ಮಾರಾಯ್ರೆ! ನಾವುಂದ ಬರುವುದರೊಳಗೆ ಇಸ್ತ್ರಿ ಹಾಕಿದ ಹಾಗೆ ಆಗಬಹುದು ಅಂತ ಲೆಕ್ಕ ಹಾಕಿದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ, ಗಾಳಿಗೆ ಅಡ್ಡ ಇಲ್ಲ. ಎದುರಿನಿಂದ ಒಂದು ಮೀನಿನ ಲಾರಿ ರೊಯ್ಯನೆ ಬಂತು. ಅದರ ಗಾಳಿಗೆ ಅಂಗಿ ಕೈಯಿಂದ ಕಿತ್ತುಕೊಂಡು ಹೋಗಿ ಲಾರಿಯ ಹಿಂದಿನ ಹಗ್ಗಕ್ಕೆ ಸಿಕ್ಕಿಕೊಂಡಿತು. ನಾನು ಬೈಂದೂರಿಗೆ, ನನ್ನ ಅಂಗಿ ಕುಂದಾಪುರಕ್ಕೆ.

ಬನಿಯನ್ನಿನಲ್ಲಿ ಕೂತ ನನ್ನನ್ನು ನೋಡಿ ಕಂಡಕ್ಟರನಿಗೆ ಕನಿಕರ ಬಂತು. ತನ್ನ ಚೀಲದಲ್ಲಿದ್ದ ಇನ್ನೊಂದು ಖಾಕಿ ಅಂಗಿ ಕೊಟ್ಟ. “ಹಾಯ್ಕಣಿ ಮಾಷ್ಟ್ರೇ. ಆರೆ ಬಸ್ ಬೈಂದೂರಲ್ಲಿ ಒಂದ್ ಗಂಟಿ ನಿಲ್ತ್, ಹೊರ್ಡುದ್ರೊಳ್ಗೆ ಕೊಡ್ಕ್. ಮುಂದೆ ಶಿರೂರಲ್ಲಿ ಚೆಕ್ಕಿಂಗ್ ಇರ್ತ್, ಇದ್ ಸಲ್ಪ ಹರ್ದಿತ್, ಅದನ್ನ್ ಹಾಯ್ಕಂಬ್ಕ್” ಅಂತ ತೊಟ್ಟ ಅಂಗಿಯ ಕಂಕುಳು ತೋರಿಸಿದ.

ಖಾಕಿಯಲ್ಲೇ ವೇದಿಕೆ ಹತ್ತಿದೆ. ಸಭೆಯಲ್ಲಿ ಗುಸುಗುಸು. ನಾನು ತೇವಾಂಶ ಹೊರಟು ಹೋಗುವ ಘಟ್ಟಕ್ಕೆ ಬಂದಿದ್ದೆ. ಆಗ ಬಾಗಿಲಲ್ಲಿ ಕಂಡಕ್ಟರ್! “ಮಾಷ್ಟ್ರೇ, ಬಸ್ ಹೊರಡ್ತ್, ಅಂಗಿ!” ಅಂದ. ಸೀಟಿ ಒಂದು ಊದಲಿಲ್ಲ, ಅಷ್ಟೇ. ಉಪಸಂಹಾರವನ್ನು ಬನಿಯನ್ನಿನಲ್ಲೇ ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಮತ್ತೆ ಬಿದ್ದದ್ದಿಲ್ಲ.

ಅಕ್ಕನಿಗೆ ಹೇಗೆ ಹೇಳುವುದು? ಅವಳು ಆಸೆಪಟ್ಟು ತೆಗೆದ ಅಂಗಿ, ಒಂದು ದಿನವೂ ಸರಿಯಾಗಿ ತೊಡಲಿಲ್ಲ. ಅದನ್ನು ನೆನೆಸಿದರೆ ಈಗಲೂ ಬೇಜಾರು. ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಕೈ ತಪ್ಪು ಹೊತ್ತಿಗೆ ಒಣ್ಗಿತ್ತಾ?”

“ಒಣ್ಗಿತ್ತ್ ಅಕ್ಕ.”

“ಮತ್ತೆಂತ ಹಾಂಗಾರೆ! ಅಂಗಿ ಹೋರೆ ಹೋಯ್ಲಿ, ವಿದ್ಯೆ ಸುಳ್ಳ್ ಆಯ್ಲಿಲ್ಲೆ ಅಲ್ದಾ?”

೪. ಗಾಡಿಯೋ ಲೋಡೋ

ಹೋದ ಬೇಸಗೆಯ ಕೊನೆಗೆ ಆ ಅಕಾಲದ ಮಳೆ ಬಂದೇ ಬಂತು. ಅಕ್ಕನ ಮೀನೆಲ್ಲ ಕೊಳೆತು ಹೋಯಿತು. ಅವಳು ಅಳಲಿಲ್ಲ. “ಇನ್ನೊಂದ್ ವರ್ಷ ಹೀಂಗಾರೆ ಬಿಟ್ ಬಿಡುದೇ ಸೈ, ಕಾಲ್ ಗಂಟಲ್ಲೂ ಶಕ್ತಿ ಇಲ್ಲೆ” ಅಂತ ಮೊಣಕಾಲು ತಿಕ್ಕಿಕೊಂಡಳು. ಅದನ್ನು ಕೇಳಿ ನನಗೆ ತಡೆಯಲಿಕ್ಕೆ ಆಗಲಿಲ್ಲ. ಇಷ್ಟು ವರ್ಷ ಕಾಗದದ ಮೇಲೆ ಓಡಿಸಿದ ಹಾಳೆಯನ್ನು ಈ ಸಲ ನೆಲದ ಮೇಲೆ ಓಡಿಸಿಯೇ ಸೈ ಅಂತ ಹೊರಟೆ.

ಮಳೆಗಾಲ ಕಳೆಯುವುದರೊಳಗೆ ಹೆಮ್ಮಾಡಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಯಂತ್ರ ತಯಾರಾಯಿತು. ಉರುಳೆಗಳ ಮೇಲೆ ಸುತ್ತುವ ಉಕ್ಕಿನ ಬಲೆಯ ಪಟ್ಟಿ. ಒಂದು ತುದಿಯಲ್ಲಿ ಬಿಸಿಗಾಳಿಯ ಫ್ಯಾನು. ಈ ತುದಿಯಲ್ಲಿ ಹಸಿಮೀನು ಇಟ್ಟರೆ ಆ ತುದಿಯಲ್ಲಿ ಒಣಮೀನು ಬೀಳಬೇಕು. ಅದನ್ನು ಪಿಕಪ್ಪಿಗೆ ಏರಿಸಿ ಹಂಗಾರಕಟ್ಟೆಗೆ ಹೊರಟೆವು. ಗಾಡಿ ಓಡಿದ ಗಾಳಿಗೆ ಪಟ್ಟಿ ತನ್ನಷ್ಟಕ್ಕೇ ಗಿರಗಿರ ತಿರುಗುತ್ತಿತ್ತು.

ಸಾಸ್ತಾನದ ಟೋಲಿನಲ್ಲಿ ತಡೆದರು. ಗಾಡಿ ನಿಂತರೂ ಪಟ್ಟಿ ಇನ್ನೂ ತಿರುಗುತ್ತಲೇ ಇತ್ತು. ಅಲ್ಲಿದ್ದವ ಸುತ್ತ ಬಂದು ಉರುಳೆಗಳನ್ನೆಲ್ಲ ನೋಡಿದ. “ಮೇಲಿರುವುದು ಎಂತ ಗಾಡಿ? ಚಕ್ರ ತುಂಬಾ ಉಂಟಲ್ಲ” ಅಂದ.

“ಗಾಡಿ ಅಲ್ಲ, ಲೋಡು” ಅಂದೆ.

“ಲೋಡು ಅಂದ್ರೆ ಸುಮ್ಮನೆ ಕೂತಿರ್ತದೆ. ಇದು ಓಡ್ತಾ ಉಂಟು. ಓಡಿದ್ರೆ ಗಾಡಿಯೇ.”

ಹಿಂದೆ ವಾಹನಗಳ ಸಾಲು, ಪೋಂ ಪೋಂ. ನಾನು ಚಲಿಸುವ ಮೇಲ್ಮೈಯ ಬಗ್ಗೆ ಅವನಿಗೆ ವಿವರಿಸಲಿಕ್ಕೆ ಶುರುಮಾಡಿದೆ. ನಮ್ಮ ಪಿಕಪ್ಪಿನ ಡ್ರೈವರ್ ತಲೆ ಹೊರಗೆ ಹಾಕಿ ಒಂದೇ ಮಾತಿನಲ್ಲಿ ಮುಗಿಸಿದ. “ಅಣ್ಣಾ, ಅದ್ ಓಡುದ್ ಹೌದ್. ಆರೆ ಎಲ್ಲಿಗೂ ಹೋಪ್ದಿಲ್ಲೆ.”

ಬಿಟ್ಟರು. ನನ್ನ ಇಡೀ ಸಂಶೋಧನೆಯ ಬಗ್ಗೆ ಯಾವ ಪರೀಕ್ಷಕನೂ ಇಷ್ಟು ಚುಟುಕಾಗಿ, ಇಷ್ಟು ಸರಿಯಾಗಿ ಹೇಳಿದ್ದಿಲ್ಲ.

೫. ಪ್ರಿನ್ಸಿಪಾಲರ ಹಲ್ಲು

ಅಕ್ಕನ ಮನೆಯ ಪಕ್ಕದ ಸಿಮೆಂಟು ನೆಲದ ಮಾಡಿನಡಿಯಲ್ಲಿ ಯಂತ್ರ ನಿಲ್ಲಿಸಿದೆವು. ಅಕ್ಕ ಅದಕ್ಕೆ ಹೂ ಹಾಕಿ, ಅರಸಿನ ಕುಂಕುಮ ಹಚ್ಚಿ, ಮೊದಲ ಬಂಗುಡೆಗಳನ್ನು ತಾನೇ ಇಟ್ಟಳು. ಕೇರಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಿಂತಿದ್ದರು.

ಆ ತುದಿಯಲ್ಲಿ ಬಂಗುಡೆ ಬಿತ್ತು. ಒಣಗಿರಲಿಲ್ಲ. ಬೆಂದಿತ್ತು.

“ಅಡ್ಡಿಲ್ಲೆ, ಹುಳಿ ಖಾರ ಹಾಕಿರೆ ಸಾರ್ ಆತ್ತ್” ಅಂತ ಅಕ್ಕ ಪಾತ್ರೆಗೆ ತುಂಬಿಕೊಂಡಳು.

ಬಿಸಿ ಕಡಿಮೆ ಮಾಡಿದೆ, ಹಸಿಯಾಗೇ ಬಂತು. ಪಟ್ಟಿ ನಿಧಾನ ಮಾಡಿದೆ, ಮೇಲೆ ಒಣಗಿ ಒಳಗೆ ಹಳಸಿತು. ಆಮೇಲೆ ಗೊತ್ತಾಯಿತು, ಗಾಳಿಯೂ ಪಟ್ಟಿಯೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಮೀನಿನ ಪಸೆ ಕುಡಿದ ಗಾಳಿ ಬಿಟ್ಟು ಹೋಗದೆ ಮೀನಿನ ಜೊತೆಗೇ ದಿಬ್ಬಣ ಹೊರಟಿತ್ತು. ಫ್ಯಾನನ್ನು ಆಚೆ ತುದಿಗೆ ಇಟ್ಟು ಎದುರು ಗಾಳಿ ಕೊಟ್ಟೆ. ಆಗಲೂ ಆಗಲಿಲ್ಲ. ಕಾಗದದ ಮೇಲಿನ ನನ್ನ ಹಾಳೆಗೆ ದಪ್ಪವೇ ಇರಲಿಲ್ಲ ನೋಡಿ. ನನ್ನ ಇಡೀ ಸಮೀಕರಣದಲ್ಲಿ ಬಂಗುಡೆಗೆ ಹೊಟ್ಟೆ ಅಂತ ಒಂದು ಇದೆ ಅನ್ನುವುದೇ ಬಂದಿರಲಿಲ್ಲ!

ಎರಡು ದಿನ ಅನ್ನ ಸೇರಲಿಲ್ಲ. ಪಟ್ಟಿಯ ಎದುರು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದೆ. ಅಕ್ಕ ಬಂದು ತಲೆ ಮೇಲೆ ಕೈಯಿಟ್ಟಳು. “ನಿಂಗೆ ಕಾಲೇಜ್ ಇತ್ತಲ್ದಾ, ನೀನ್ ಹೋಗ್. ನಾನ್ ಒಂಚೂರ್ ಹಿಂದ್ ಮುಂದ್ ಮಾಡಿ ಕಾಂತೆ” ಅಂದಳು.

ಮೂರನೆಯ ದಿನ ಸಂಜೆ ಫೋನು. “ತಮ್ಮಾ, ಒಣ್ಗಿತ್ತ್! ಕಡ್ಡಿ ಹಾಂಗಾಯ್ತ್!”

ನಾನು ಸ್ಟಾಫ್ ರೂಮಿನಲ್ಲಿ ಕುಣಿಯುವುದೊಂದು ಬಾಕಿ. ಓಡಿಹೋಗಿ ನೋಡಿದೆ. ಹೌದು, ತುದಿಯ ಬುಟ್ಟಿಯಲ್ಲಿ ಬಂಗುಡೆ, ಮುರಿದರೆ ಟಕ್ ಅನ್ನಬೇಕು, ಹಾಗೆ ಒಣಗಿದ್ದು. ನನಗೆ ಕಣ್ಣಲ್ಲಿ ನೀರು ಬಂತು. ಅಲ್ಲೇ ನಿಂತು ಪ್ರಿನ್ಸಿಪಾಲರಿಗೆ ಫೋನು ಮಾಡಿ, “ನಾಳೆಯೇ ಬನ್ನಿ ಸರ್, ಎಲ್ಲರನ್ನೂ ಕರ್ಕೊಂಡು ಬನ್ನಿ” ಅಂದೆ. ಅಕ್ಕ “ನಾಳೆಯೇಯಾ?” ಅಂತ ಒಂದು ಸಲ ಕೇಳಿದಳು. “ಹೌದಕ್ಕ, ನಾಳೆಯೇ!” ಅಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಮನೆಗೆ ನಡೆದಳು.

ಮರುದಿನ ಪ್ರಿನ್ಸಿಪಾಲರು, ನನ್ನ ಸಹೋದ್ಯೋಗಿಗಳು, ಪೇಪರಿನವ ಒಬ್ಬ, ಎಲ್ಲ ಬಂದರು. ಅವರೆದುರಿಗೇ ಹಸಿ ಬಂಗುಡೆ ಇಟ್ಟು ಪಟ್ಟಿ ಓಡಿಸಿದೆ. ನಿಧಾನಕ್ಕೆ ಓಡುವ ಪಟ್ಟಿ, ಒಣಗಲಿಕ್ಕೆ ಹೊತ್ತು ಬೇಕು. ಅಕ್ಕ ಎಲ್ಲರನ್ನೂ ಒಳಗೆ ಕರೆದು ಕೂರಿಸಿದಳು. ಗೋಳಿಬಜೆ, ಚಾ, ಎಳನೀರು, ಮತ್ತೆ ಊಟ. “ಉಂಡ್ಕಂಡೇ ಏಳ್ಕ್” ಅಂತ ಒಬ್ಬರನ್ನೂ ಎಬ್ಬಿಸಲಿಲ್ಲ. ಉಂಡು ಹೊರಗೆ ಬಂದು ನೋಡಿದರೆ ಬುಟ್ಟಿ ತುಂಬ ಒಣ ಬಂಗುಡೆ! ಚಪ್ಪಾಳೆ. ಪ್ರಿನ್ಸಿಪಾಲರು ‘ಹಳ್ಳಿಯ ಹೆಣ್ಣುಮಗಳ ಕೈಗೆ ಬಂದ ಉನ್ನತ ಗಣಿತ’ ಅಂತ ಭಾಷಣ ಮಾಡಿದರು. ಕೇರಿಯ ಹೆಂಗಸರು ಸಾಲಾಗಿ ನಿಂತು ನಮ್ಮ ಕಾಲೇಜಿನವರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ನನ್ನ ಮೇಲೆ ಎಷ್ಟು ಪ್ರೀತಿ ಇವರಿಗೆ ಅಂತ ನಾನು ಉಬ್ಬಿಹೋದೆ. ಅಕ್ಕ ಒಬ್ಬೊಬ್ಬರಿಗೂ ಒಂದೊಂದು ಕಟ್ಟು ಮೀನು ಕೊಟ್ಟು ಕಳಿಸಿದಳು.

ಮರುದಿನ ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಸಿಕ್ಕಿದರು. ಗಲ್ಲ ಒತ್ತಿ ಹಿಡಿದುಕೊಂಡಿದ್ದರು. “ಮೀನು ಫಸ್ಟ್ ಕ್ಲಾಸ್ ಮಾರಾಯ್ರೆ. ಆದರೆ ನಿಮ್ಮ ಮಿಶಿನ್ನಿನಲ್ಲಿ ಹೊಯ್ಗೆ ಬರದ ಹಾಗೆ ಎಂತಾದರೂ ಮಾಡಬೇಕು. ನನ್ನ ದವಡೆ ಹಲ್ಲು ಹೋಯ್ತು.”

ಹೊಯ್ಗೆ? ಉಕ್ಕಿನ ಪಟ್ಟಿ, ಸಿಮೆಂಟು ನೆಲ, ಸೋಸಿದ ಗಾಳಿ. ಹೊಯ್ಗೆ ಎಲ್ಲಿಂದ ಬರುತ್ತದೆ?

ಮುಂದಿನ ಕ್ಲಾಸು ಬಿಟ್ಟು ಸೀದಾ ಹಂಗಾರಕಟ್ಟೆಗೆ ಹೋದೆ. ಯಂತ್ರ ನಿಂತಿತ್ತು. ಪಟ್ಟಿಯ ಮೇಲೆ ಅಕ್ಕನ ಕೋಳಿ ಮಲಗಿತ್ತು. ಮನೆಯ ಹಿಂದೆ ಅಳಿವೆಯ ಬದಿಗೆ ಬಂದರೆ, ಸುಡುಬಿಸಿಲಿನಲ್ಲಿ ಹೊಯ್ಗೆಯ ಮೇಲೆ ಉದ್ದಕ್ಕೂ ಬಂಗುಡೆ ಹರಡಿ, ತಲೆಗೆ ಬೈರಾಸು ಹಾಕಿಕೊಂಡು, ನೋಯುವ ಕಾಲು ನೀಡಿ, ಕೋಲು ಹಿಡಿದು ಕಾಗೆ ಅಟ್ಟುತ್ತಾ ಕೂತಿದ್ದಳು ನನ್ನಕ್ಕ.

ನನ್ನನ್ನು ಕಂಡು ಅವಳಿಗೆ ಚೂರೂ ಗಾಬರಿ ಇಲ್ಲ. “ಬಾ, ಕೂಕೊ. ಉಂಡ್ಯಾ?” ಅಂದಳು.

“ಅಕ್ಕಾ, ಮೊನ್ನಿ, ನಿನ್ನಿ ಬುಟ್ಟಿಲಿದ್ದದ್ದೂ ಇದೇ ಅಲ್ದಾ? ಮಿಶಿನ್ ಒಣ್ಗ್ಸಲೇ ಇಲ್ಲೆ ಅಲ್ದಾ?”

“ಇಲ್ಲೆ. ಮಿಶಿನಿಂದ್ ಬಂದದ್ದೆಲ್ಲ ಕೋಳಿಗ್ ಹಾಕ್ದೆ.”

“ಮತ್ತೆ ಒಣ್ಗಿತ್ ಅಂತೇಳಿ ಎಂತಕೆ ಹೇಳ್ದೆ?”

“ನೀನ್ ಎರ್ಡ್ ದಿನ ಉಂಡಿರ್ಲಿಲ್ಲೆ. ನಿನ್ ಮೋರಿ ಕಾಂಬುಕೆ ಆಯ್ಲಿಲ್ಲೆ ನಂಗೆ” ಅಂದಳು, ಒಂದು ಬಂಗುಡೆ ಮಗುಚಿ ಹಾಕುತ್ತಾ.

ನಾನು ಬಿಸಿಹೊಯ್ಗೆಯ ಮೇಲೆ ಅಲ್ಲೇ ಕೂತುಬಿಟ್ಟೆ. ದುಃಖ ಉಕ್ಕಿ ಬಂತು. ಅವಳ ಭಾರ ಇಳಿಸಬೇಕು ಅಂತ ಹೊರಟವ ನಾನು. ಇಳಿಸಿದ್ದು ಎಂತ? ಮಾರಿ ನಾಲ್ಕು ಕಾಸು ಮಾಡಬೇಕಾದ ಮೀನನ್ನೆಲ್ಲ ನನ್ನ ಮರ್ಯಾದೆಗೆ ಸುರಿದಿದ್ದಳು. ಅದು ಸಾಲದೆ, ಬರೀ ಒಂದು ದಿನದಲ್ಲಿ ಅಷ್ಟು ಒಣಮೀನು ಹೊಂದಿಸಲಿಕ್ಕೆ ಕೇರಿಯ ಮನೆ ಮನೆಗೆ ಹೋಗಿದ್ದಳಂತೆ. ನಾವು ಒಳಗೆ ಉಣ್ಣುವಾಗ ಆ ಹೆಂಗಸರೆಲ್ಲ ಸೇರಿ ಬುಟ್ಟಿ ಬದಲಾಯಿಸಿದ್ದಂತೆ. ಆ ಜೋರು ಚಪ್ಪಾಳೆಯ ಅರ್ಥ ಆಗ ಆಯಿತು ನನಗೆ.

“ನನ್ನಿಂದ ನಿಂಗೆ ಒಂದ್ ಉಪಕಾರ ಆಯ್ಲಿಲ್ಲೆ ಅಕ್ಕ” ಅಂದೆ.

ಅಕ್ಕ ಕೋಲು ಎತ್ತಿ ಒಂದು ಕಾಗೆಯನ್ನು ಹುಶ್ ಅಂತ ಅಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ನಾನು ಮಾಡಬಹುದಾದ ಉಪಕಾರವೊಂದನ್ನು ಯೋಚಿಸಿ ಹೇಳಿದಳು.

“ಒಂದ್ ಮಾಡ್ ತಮ್ಮ. ಮುಂದಿನ್ ಸರ್ತಿ ಮಿಶಿನ್ ಕಾಂಬುಕೆ ಯಾರನ್ನಾರೂ ಕರುದಾರೆ ಎರ್ಡ್ ದಿನ ಮುಂಚೆ ಹೇಳ್. ಬಂಗುಡಿಗೆ ಎರ್ಡ್ ಬಿಸ್ಲಾರೂ ಬೇಕ್.”